ಮೈಲೇಜ್

ಹೈವೇಯಲ್ಲಿ ಸಿಮೆಂಟ್ ಲಾರಿಗಳೂ ಹಾರ್ನ್ ಹೊಡೆದು ಅವರ ಕಾರನ್ನು ದಾಟಿ ಹೋಗುತ್ತಿದ್ದವು. ಅಪ್ಪನ ಪಕ್ಕ ಕೂತಿದ್ದ ಹನ್ನೊಂದು ವರ್ಷದ ಇಂಚರಳಿಗೆ ನಾಚಿಕೆಯಾಯಿತು.

"ಸ್ವಲ್ಪ ಜೋರಾಗಿ ಓಡಿಸಪ್ಪ."

"ನಲವತ್ತು ದಾಟಿದ್ರೆ ಮೈಲೇಜ್ ಬರಲ್ಲ ಮರಿ. ಪೆಟ್ರೋಲ್ ರೇಟ್ ಗೊತ್ತಲ್ಲ."

ಅವನು ಎಸಿಯನ್ನೂ ಹಾಕಲಿಲ್ಲ. ಅವಳ ಹೊಸ ಕನ್ನಡಕ, ಶಾಲೆಯ ಗೆಳತಿಯರು, ರಾತ್ರಿ ಬೀಳುವ ಕನಸು, ಎಲ್ಲವನ್ನೂ ಕೇಳಿಕೊಂಡು ಬಂದ.

ಗೇಟಿನ ಬಳಿ ಅಮ್ಮ ಕಾಯುತ್ತಿದ್ದಳು. ಅಪ್ಪ ಕಾರಿನಿಂದ ಇಳಿಯಲಿಲ್ಲ. ಕೋರ್ಟು ಅವನಿಗೆ ಕೊಟ್ಟಿದ್ದು ತಿಂಗಳಿಗೊಂದು ಭಾನುವಾರ.

"ಬೆಳಿಗ್ಗೆ ಕರ್ಕೊಂಡು ಹೋಗೋಕೆ ಒಂದೇ ಗಂಟೇಲಿ ಬಂದ್ರಿ. ವಾಪಸ್ ಬಿಡೋಕೆ ಎರಡೂವರೆ ಗಂಟೆ ಬೇಕಾಯ್ತಾ?" ಅಮ್ಮ ಕೇಳಿದಳು.

ಅಪ್ಪ ಸ್ಟೀರಿಂಗ್ ಮೇಲಿನ ಧೂಳು ಒರೆಸತೊಡಗಿದ. ಇಂಚರ ಅವನ ಮುಖವನ್ನೇ ನೋಡಿದಳು.

"ದಾರಿ ತುಂಬ ಟ್ರಾಫಿಕ್ ಇತ್ತಮ್ಮ," ಎಂದಳು.