ಆಫ್ ಮಾಡಬಾರದ ಕಾರು

ಗಂಡ ಕೊಂಡ ಸೆಕೆಂಡ್ ಹ್ಯಾಂಡ್ ರೋಟರಿ ಎಂಜಿನ್ ಕಾರಿನ ಕಂಪ್ರೆಷನ್ ಟೆಸ್ಟ್ ಮುಗಿಸಿ ಮೆಕ್ಯಾನಿಕ್ ತಲೆ ಕೊಡವಿದ.

"ಕಂಪ್ರೆಷನ್, ಅಂದ್ರೆ ಎಂಜಿನ್ ಒಳಗಿನ ಒತ್ತಡ, ತೀರಾ ಕಡಿಮೆ ಸಾರ್. ತಣ್ಣಗಿದ್ರೆ ಸ್ಟಾರ್ಟ್ ಆಗುತ್ತೆ. ಬಿಸಿಯಾದ್ಮೇಲೆ ಆಫ್ ಮಾಡಿದ್ರೋ, ತಣ್ಣಗಾಗೋ ತನಕ ಜಪ್ಪಯ್ಯ ಅಂದ್ರೂ ಆಗಲ್ಲ."

"ಮನೆ ಮುಟ್ಟೋ ತನಕ ಆಫ್ ಮಾಡಲ್ಲ ಬಿಡಯ್ಯ."

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು.

ಎಂಜಿನ್ ತಣಿದ ಮೇಲೆ ಹೊರಟರು. ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಎದುರು, ಎಂಜಿನ್ ಚಾಲೂ ಇಟ್ಟೇ, ಗಂಡ ಸಿಗರೇಟಿಗೆಂದು ಇಳಿದ. ಅವಳ ಫೋನು ಎಂದಿನಂತೆ ಅವನ ಜೇಬಿನಲ್ಲಿತ್ತು.

"ಇಳಿದೀಯಾ ಜೋಕೆ. ಹೋದ್ಸಲ ತವರಿಗೆ ಓಡಿದಾಗ ಬಸ್ಸಿಗೇ ಕಾರು ಅಡ್ಡ ಹಾಕಿ ಎಳ್ಕೊಂಡು ಬಂದಿದ್ದು ನೆನಪಿದೆ ತಾನೆ?"

"ನೆನಪಿದೆ ರೀ."

ಅವನು ಅಂಗಡಿಯತ್ತ ತಿರುಗಿದ. ತವರೂರಿನ ಬಸ್ಸಿನ ಕಂಡಕ್ಟರ್ ಸೀಟಿ ಊದಿದ.

ಅವಳು ಕೈ ಚಾಚಿ ಎಂಜಿನ್ ಆಫ್ ಮಾಡಿ, ಕಾರಿನಿಂದಿಳಿದು ಬಸ್ಸಿನತ್ತ ಓಡಿದಳು.