ಆರು ವರ್ಷ ಹೆಚ್ಚು

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಆಕೆ ಬ್ಯಾಂಕಿಗೆ ಬರುವ ಮೊದಲೇ ಲೆಕ್ಕ ಹಾಕಿಕೊಂಡಿದ್ದಳು. ದಿನಕ್ಕೆ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದರೆ ತಿಂಗಳಿಗೆ ಇನ್ನೂರು ರೂಪಾಯಿ ಕೂಡುತ್ತದೆ. ಅಷ್ಟು ತುಂಬುತ್ತ ಹೋದರೆ ಅರವತ್ತಾದ ಮೇಲೆ, ರಟ್ಟೆ ಸೋತಾಗ, ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ.

ಗುಮಾಸ್ತ ಆಧಾರ್ ಕಾರ್ಡು ನೋಡಿ ಅರ್ಜಿಯನ್ನು ಪಕ್ಕಕ್ಕಿಟ್ಟ.

“ಈ ಪಿಂಚಣಿ ಖಾತೆ ನಲವತ್ತರ ಒಳಗಿನವರಿಗಷ್ಟ ರೀ ಅಕ್ಕಾರ. ನಿಮಗ ನಲವತ್ತೊಂದು ಆಗೇತಿ.”

“ಇಲ್ರೀ ಸರ, ನನಗಿನ್ನೂ ಮೂವತ್ತೈದು. ಕಾರ್ಡಿನಾಗ ತಪ್ಪು ಐತಿ.”

“ಮಕ್ಕಳೆಷ್ಟು ದೊಡ್ಡವರದಾರ?”

“ಒಬ್ಬನ ಮಗಾ ರೀ. ಇಪ್ಪತ್ತೊಂದು ಅವಗ.”

ಗುಮಾಸ್ತ ಮನಸ್ಸಿನಲ್ಲೇ ಕಳೆದು ನೋಡಿದ. ಅವನ ದನಿ ಮೆತ್ತಗಾಯಿತು.

“ಹಂಗಾದ್ರ ತಿದ್ದಸೂಣು. ಸಾಲಿ ದಾಖಲೆ ಅದಾವೇನ್ರೀ?”

“ನಾ ಸಾಲಿಗೆ ಹೋಗಿಲ್ರೀ. ಉಳದ ಕಾಗದದಾಗೆಲ್ಲಾ ಹಿಂಗ ಬರಸ್ಯಾರ್ರೀ.”

“ನಿಮ್ಮ ಖರೇ ವಯಸ್ಸು ಬಲ್ಲವ್ರು ಯಾರರ ಅದಾರೇನು?”

ಆಕೆ ಹಿಟ್ಟು ಮೆತ್ತಿದ ಸೆರಗಿನಿಂದ ಕಾರ್ಡನ್ನು ಒರೆಸಿದಳು, ಉಜ್ಜಿದರೆ ಅಂಕಿ ಅಳಿದೀತೇನೋ ಎಂಬಂತೆ.

“ನಮ್ಮೂರ ಸಾಲಿ ಮಾಸ್ತರು ಒಬ್ಬರಿದ್ರು, ಈಗಿಲ್ಲ. ನನ್ನ ಮದುವಿ ನಿಲ್ಲಸಾಕ ಪೊಲೀಸರನ್ನ ಕರಕೊಂಡು ಬಂದು, ಈ ಹುಡುಗಿಗೆ ಹನ್ನೆರಡು ಅಂತ ಹೇಳಿದ್ರು,” ಎಂದಳು. “ಕಾಲಾಗಿನ ಹೊಸ ಗೆಜ್ಜಿ ಬಿಚ್ಚಸ್ತಾರಂತ ಹೆದರಿ, ಮಾಸ್ತರು ಸುಳ್ಳ ಹೇಳ್ತಾರ, ನನಗ ಹದಿನೆಂಟು ಅಂತ ನಾನ ಆಣಿ ಮಾಡಿದ್ನಿ.”