ಇನ್ನೊಂದು ಬಿಲ್ಲೆ

ಪ್ರತಿ ಮಂಗಳವಾರ ಒಂದು ಗಂಟೆ ಕಾಲ ರೋಗಿಯ ನಡುಕವನ್ನು ಮನೆಯವರು ತಮ್ಮ ಮೈಗೆ ತೆಗೆದುಕೊಂಡು ಹೊರುವುದು ಪಾರ್ಕಿನ್ಸನ್ಸ್ ಬಳಗದ ರೂಢಿ. ಹಿಂದೆ ಅಂಗಡಿ ಬೋರ್ಡು ಬರೆಯುತ್ತಿದ್ದ ಗುರುಬಸಪ್ಪ, ಹೆಂಡತಿ ನೀಲವ್ವನ ಮಣಿಕಟ್ಟು ಹಿಡಿದು ತನ್ನ ನಡುಕ ದಾಟಿಸಿದ. ಆಮೇಲೆ ಬಳಗಕ್ಕೆ ಹೊಸದಾಗಿ ಸೇರಿದ ರೋಗಿಗಳು ಎದೆಗೆ ಹಾಕಿಕೊಳ್ಳುವ ಹೆಸರಿನ ಬಿಲ್ಲೆಗಳನ್ನು ಮುತ್ತು ಪೋಣಿಸಿದಂತೆ ಬರೆದ.

ಗಂಟೆ ಮುಗಿಯಿತು.

"ತಾ ಇಲ್ಲೆ ಕೈ. ನನ್ನ ಶನಿ ನನಗ ಇರ್ಲಿ," ಎಂದ.

ನಡುಕ ಮರಳಿ ಅವನ ಮೊಣಕೈವರೆಗೂ ಏರಿತು. ಆದರೂ ಅವಳ ಬೆರಳು ನಿಲ್ಲಲಿಲ್ಲ.

"ಇನ್ನೂ ಉಳದೈತೇನು ನೋಡ್ರಿ," ಎಂದಳು ನೀಲವ್ವ.

ಅವನು ಅವಳ ಮಣಿಕಟ್ಟು ಮತ್ತೆ ಹಿಡಿದ. ಮತ್ತೂ ಹಿಡಿದ.

"ನಿಮ್ಮದೆಲ್ಲಾ ಬಂದೈತ್ರಿ," ಬಳಗ ನಡೆಸುವ ಮೇಡಂ ಮೆಲ್ಲಗೆ ಹೇಳಿದರು. "ಈಗಿರೋದು ಅವರದ."

ಅವರು ಇನ್ನೊಂದು ಖಾಲಿ ಬಿಲ್ಲೆ ಮುಂದಿಟ್ಟರು. ಹೆಂಡತಿಯ ಹೆಸರು ಬರೆಯಲು ಗುರುಬಸಪ್ಪ ಕುಂಚ ಎತ್ತಿದ. ಬಿಲ್ಲೆಯ ತುಂಬ ಬಣ್ಣ ಸಿಡಿಯಿತು, ಹೆಸರು ಮೂಡಲಿಲ್ಲ.